ದೀಪ ಸಾಕು, ಲೆಕ್ಕವನ್ನೂ ಕೊಡಿ

ಸಂಶೋಧನೆ ಎಂದೊಡನೆ ನಮಗೆಲ್ಲ ದೊಡ್ಡ ಊರಿನ ದೊಡ್ಡ ಕಟ್ಟಡವೂ ಅದರೊಳಗೆ ಗಾಜಿನ ಕೊಳವೆ ಹಿಡಿದ ವಿಜ್ಞಾನಿಯೂ ನೆನಪಾಗುತ್ತಾರೆ. ನಮಗೂ ಅದಕ್ಕೂ ಏನು ಸಂಬಂಧ ಎಂದು ಸುಮ್ಮನಾಗುತ್ತೇವೆ. ಆದರೆ ನಾವು ನುಂಗುವ ಮಾತ್ರೆ, ಮಗುವಿಗೆ ಹಾಕಿಸುವ ಲಸಿಕೆ, ಬಾಣಂತಿಗೆ ಕೊಡುವ ಇಂಜೆಕ್ಷನ್, ಇವೆಲ್ಲದರ ಗುಣದೋಷ ತಿಳಿಯುವುದು ಯಾರೋ ನಮ್ಮಂಥ ಜನರಿಗೇ ಕೊಟ್ಟು ನೋಡಿದ ಮೇಲೆ. ಇದಕ್ಕೇ ಕ್ಲಿನಿಕಲ್ ರಿಸರ್ಚ್ ಎನ್ನುತ್ತಾರೆ. ಇದನ್ನು ಮಾಡುವವರಿಗೆ ಸರಿಯಾದ ತರಬೇತಿ ಬೇಕು ಎಂಬುದರಲ್ಲಿ ಯಾರದೂ ತಕರಾರಿಲ್ಲ. ಆ ತರಬೇತಿ ಯಾರಿಗೆ ಸಿಗುತ್ತಿದೆ, ಅದರಲ್ಲಿ ಏನನ್ನು ಕಲಿಸುತ್ತಿದ್ದಾರೆ ಎಂಬುದೇ ನನ್ನ ತಕರಾರು.

ನಮ್ಮಲ್ಲಿ ಎಂ.ಡಿ., ಎಂ.ಎಸ್. ಓದುವವರು ಥೀಸಿಸ್ ಬರೆಯಲೇಬೇಕು. 2019ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು ಇವರಿಗೆಲ್ಲ ಸಂಶೋಧನೆಯ ಮೂಲಪಾಠಗಳ ಒಂದು ಆನ್‌ಲೈನ್ ಕೋರ್ಸನ್ನು ಕಡ್ಡಾಯ ಮಾಡಿತು. ಪಾಠ ಸಿದ್ಧಪಡಿಸಿದ್ದು ಚೆನ್ನೈನ ರಾಷ್ಟ್ರೀಯ ಸೋಂಕುಶಾಸ್ತ್ರ ಸಂಸ್ಥೆ. ಒಳ್ಳೆಯದೇ. ಎಂ.ಎಸ್ಸಿ. ನರ್ಸಿಂಗ್ ಓದುವವರೂ ಪ್ರಬಂಧ ಬರೆಯುತ್ತಾರೆ. ಅದೂ ಒಳ್ಳೆಯದೇ. ಆದರೆ ಆಮೇಲೆ? ರಾತ್ರಿ ಡ್ಯೂಟಿಯ ನಡುವೆ ನಿದ್ದೆಗೆಟ್ಟು ಬರೆದದ್ದಕ್ಕೆ ರಟ್ಟು ಕಟ್ಟಿಸಿ ಒಪ್ಪಿಸಿದರೆ ಮುಗಿಯಿತು. ಡಿಗ್ರಿ ಕೈಗೆ ಬಂತು, ಪ್ರಬಂಧ ಬೀರುವಿಗೆ ಸೇರಿತು. ಅದರಿಂದ ತಮ್ಮ ವಾರ್ಡಿನಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಉತ್ತರ ಕೊಡುವವರು ಎಷ್ಟು ಮಂದಿ ಸಿಕ್ಕಾರು?

ಇನ್ನೊಂದು ದಾರಿ ಖಾಸಗಿ ಡಿಪ್ಲೊಮಾಗಳದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಅಪ್ಪನ ಕೈಲಿ ಸಾಲ ಮಾಡಿಸಿ, ಅಂಥ ಒಂದು ಕೋರ್ಸಿಗೆ ಸೇರಿದಳು. ಮುಗಿಸಿ ಬಂದವಳು ಹೇಳಿದ್ದಿಷ್ಟು: "ಟೀಚರ್, ವರ್ಷವಿಡೀ ಒಬ್ಬ ರೋಗಿಯ ಮುಖ ನೋಡಲಿಲ್ಲ. ಫಾರಂ ತುಂಬುವುದು ಕಲಿತೆ." ಈಗ ಅವಳು ಮಾಡುತ್ತಿರುವುದೂ ಕಂಪ್ಯೂಟರಿನ ಮುಂದೆ ಅಂಕಿ ತುಂಬುವ ಕೆಲಸವೇ. ಫಾರಂ ತುಂಬುವವರೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ರೋಗಿಯ ಪಕ್ಕ ನಿಲ್ಲಲು ಕಲಿತವಳನ್ನು ಅಲ್ಲಿಂದ ಎಬ್ಬಿಸಿ ತಂದು ಕುರ್ಚಿಯಲ್ಲಿ ಕೂರಿಸುವುದಕ್ಕೆ ತರಬೇತಿ ಎಂದು ಹೆಸರಿಡುವುದೇ?

ಹಾಗಾದರೆ ನರ್ಸುಗಳಿಂದ ಸಂಶೋಧನೆ ಆದೀತೇ ಎಂದು ಕೇಳುವವರಿಗೆ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ಉತ್ತರವಿದೆ. ಹೆರಿಗೆಯ ನಂತರದ ರಕ್ತಸ್ರಾವ ಎಷ್ಟು ತಾಯಂದಿರನ್ನು ಬಲಿ ತೆಗೆದುಕೊಂಡಿದೆ ಎಂಬುದನ್ನು ನಮ್ಮ ಅಜ್ಜಿಯರ ಕಾಲದ ಯಾವ ಮನೆಯವರೂ ಹೇಳಬಲ್ಲರು. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಸೂಜಿ ಬೇಡ, ತಂಪುಪೆಟ್ಟಿಗೆ ಬೇಡ. ಅದನ್ನು ನುಂಗಿಸಿದರೆ ರಕ್ತಸ್ರಾವ ತಗ್ಗುತ್ತದೆಯೇ? ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರೂ ಅಮೆರಿಕದ ಸಂಶೋಧಕರೂ ಕೂಡಿ 2002ರಿಂದ 2005ರವರೆಗೆ 1,620 ತಾಯಂದಿರಲ್ಲಿ ಇದನ್ನು ಪರೀಕ್ಷಿಸಿದರು. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಮಾತ್ರೆ, ಉಳಿದರ್ಧಕ್ಕೆ ಔಷಧವಿಲ್ಲದ ಹುಸಿಮಾತ್ರೆ. ಆ ಹೆರಿಗೆಗಳನ್ನು ಮಾಡಿಸಿದವರು ದೊಡ್ಡ ಡಾಕ್ಟರರಲ್ಲ, ನಾವು ನರ್ಸಮ್ಮ ಎಂದು ಕರೆಯುವ 25 ಮಂದಿ ಎ.ಎನ್.ಎಂ.ಗಳು. ಗೆರೆ ಹಾಕಿದ ಪ್ಲಾಸ್ಟಿಕ್ ಹಾಳೆ ಹಾಸಿ ಹೋದ ರಕ್ತವನ್ನು ಅಳೆಯಲಾಯಿತು. ಅರ್ಧ ಲೀಟರೋ ಅದಕ್ಕಿಂತ ಹೆಚ್ಚೋ ರಕ್ತ ಹೋದವರು ಹುಸಿಮಾತ್ರೆಯವರಲ್ಲಿ ನೂರಕ್ಕೆ 12, ಮಾತ್ರೆ ನುಂಗಿದವರಲ್ಲಿ 6.4. ಈ ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕಾರಣಕ್ಕೂ ಆ ಮಾತ್ರೆಯನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಹಳ್ಳಿಯ ನರ್ಸಮ್ಮನಿಗೆ ಸರಿಯಾಗಿ ಕಲಿಸಿದರೆ ಪ್ರಪಂಚದ ವೈದ್ಯವೇ ತಿದ್ದಿಕೊಳ್ಳುವಂಥ ಕೆಲಸವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಫ್ಲಾರೆನ್ಸ್ ನೈಟಿಂಗೇಲಳ ಪಾಠವನ್ನು ನಾವು ಮಕ್ಕಳಿಗೆ ಭಕ್ತಿಯಿಂದ ಹೇಳಿಕೊಡುತ್ತೇವೆ. ಕೈಯಲ್ಲಿ ದೀಪ, ಕಣ್ಣಲ್ಲಿ ಕರುಣೆ. ಅದೇ ಹೆಂಗಸು ಕ್ರಿಮಿಯಾ ಯುದ್ಧದಲ್ಲಿ ಸತ್ತ ಸೈನಿಕರ ಲೆಕ್ಕ ಹಾಕಿ, ಗಾಯಕ್ಕಿಂತ ರೋಗದಿಂದ ಸತ್ತವರೇ ಹೆಚ್ಚು ಎಂದು ಚಿತ್ರ ಬರೆದು ಸರಕಾರದ ಕಣ್ಣಿಗೆ ಹಿಡಿದಳು ಎಂಬುದನ್ನು ಎಷ್ಟು ಜನ ಹೇಳಿಕೊಡುತ್ತೇವೆ? ನರ್ಸಿನ ಕೈಗೆ ದೀಪ ಕೊಟ್ಟು ಲೆಕ್ಕದ ಪುಸ್ತಕ ಕಿತ್ತುಕೊಂಡವರು ನಾವು. ಮಲಗಿದಲ್ಲೇ ಇರುವ ರೋಗಿಗೆ ಬೆನ್ನುಹುಣ್ಣು ಯಾವಾಗ ಶುರುವಾಗುತ್ತದೆ, ಮುದುಕಿ ಮಾತ್ರೆಯನ್ನು ದಿಂಬಿನ ಕೆಳಗೆ ಏಕೆ ಬಚ್ಚಿಡುತ್ತಾಳೆ, ಇವೆಲ್ಲ ಕಾಣುವುದು ಪಕ್ಕದಲ್ಲಿ ನಿಂತವಳಿಗೆ. ಅವು ಸಂಶೋಧನೆಯ ಪ್ರಶ್ನೆಗಳೇ. ಕೇಳುವ ವಿಧಾನವನ್ನು ಅವಳಿಗೆ ಕಲಿಸಿಲ್ಲ, ಅಷ್ಟೆ.

ಇನ್ನು ಒಪ್ಪಿಗೆಯ ಮಾತು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಅಧ್ಯಯನಕ್ಕಾಗಿ ಹೆಣ್ಣುಮಕ್ಕಳಿಗೆ ಹಾಕಿದರು. ಮರುವರ್ಷ ಅದನ್ನು ನಿಲ್ಲಿಸಲಾಯಿತು. 2013ರ ಸಂಸದೀಯ ಸಮಿತಿಯ ವರದಿ ಹೇಳುವಂತೆ, ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್ನರು. 1,948ರಲ್ಲಿ ಹೆಬ್ಬೆಟ್ಟು. ಲಸಿಕೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ; ಅದು ನಮ್ಮ ಹೆಣ್ಣುಮಕ್ಕಳಿಗೆ ಬೇಕಾದದ್ದೇ. ಆದರೆ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯಲೂ ನಾವು ಶಿಕ್ಷಕಿಯರು ಅಪ್ಪ ಅಮ್ಮನ ಸಹಿ ಕೇಳುತ್ತೇವೆ. ಅವರ ಮೈಗೆ ಚುಚ್ಚುವ ಸೂಜಿಗೆ ವಾರ್ಡನ್ ಸಹಿ ಸಾಕೇ?

ಈಗ ನಿಯಮಗಳು ಬಿಗಿಯಾಗಿವೆ. ಒಪ್ಪಿಗೆಯನ್ನು ಅವರಿಗೆ ತಿಳಿಯುವ ಭಾಷೆಯಲ್ಲೇ ಪಡೆಯಬೇಕು. ಸರಿ, ತಿಳಿಸಿ ಹೇಳುವವರು ಯಾರು? ಇಂಗ್ಲಿಷಿನಲ್ಲಿ ಪಾಠ ಕೇಳಿ, ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು ಬಂದವರು ಗದ್ದೆಯಿಂದ ಬಂದ ಹೆಂಗಸಿಗೆ "ನಿಮಗೆ ಹುಸಿಮಾತ್ರೆ ಸಿಕ್ಕರೂ ಸಿಗಬಹುದು, ಬೇಡವೆಂದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ" ಎಂದು ಬಿಡಿಸಿ ಹೇಳಲು ಎಲ್ಲಿ ಕಲಿತಾರು?

ನರ್ಸುಗಳನ್ನು ಓದಿಗೆ ಕಳಿಸಿದರೆ ವಾರ್ಡು ನೋಡುವವರು ಯಾರು ಎನ್ನುತ್ತಾರೆ. ಡಾಕ್ಟರರನ್ನು ಎಂ.ಡಿ.ಗೆ ಕಳಿಸುವಾಗ ಈ ಪ್ರಶ್ನೆ ಇಷ್ಟು ಜೋರಾಗಿ ಏಳುವುದಿಲ್ಲವಲ್ಲ! ಸಂಶೋಧನೆಯ ಭಾಷೆ ಇಂಗ್ಲಿಷ್ ಎನ್ನುತ್ತಾರೆ. ಪತ್ರಿಕೆಗೆ ಇಂಗ್ಲಿಷಿನಲ್ಲೇ ಬರೆಯಲಿ. ರೋಗಿಯೊಡನೆ ಮಾತಾಡುವುದು ಮಾತ್ರ ರೋಗಿಯ ಭಾಷೆಯಲ್ಲೇ ಆಗಬೇಕು.

ಆದ್ದರಿಂದ ನಾನು ಕೇಳುವುದು ಇಷ್ಟು. ಜಿಲ್ಲಾ ಆಸ್ಪತ್ರೆಗಳ ನರ್ಸು, ಫಿಸಿಯೋಥೆರಪಿಸ್ಟ್, ಔಷಧ ವಿತರಕರಿಗೆ ಸಂಬಳ ಸಹಿತ ರಜೆ ಕೊಟ್ಟು ಸ್ನಾತಕೋತ್ತರ ಮಟ್ಟದ ಸಂಶೋಧನಾ ತರಬೇತಿ ಕೊಡಿ. ಅದನ್ನು ಕ್ಲಾಸಿನಲ್ಲಿ ಅರ್ಧ, ವಾರ್ಡಿನಲ್ಲಿ ಅರ್ಧ ಕಲಿಸಿ. ಒಪ್ಪಿಗೆ ಪಡೆಯುವ ಪರೀಕ್ಷೆಯನ್ನು ಕನ್ನಡದಲ್ಲಿ ಬಾಯಿಮಾತಿನಲ್ಲೇ ನಡೆಸಿ. ಕೇಳಿಸಿಕೊಂಡ ರೋಗಿ ತಿರುಗಿ ವಿವರಿಸಿ ಹೇಳಿದರೆ ಮಾತ್ರ ಪಾಸು. ಲೆಕ್ಕ ಬರೆದವರ ಹೆಸರು ವರದಿಯಲ್ಲಿ ಬರಲಿ. ಫಲಿತಾಂಶ ಮೊದಲು ಮೈಕೊಟ್ಟ ಹಳ್ಳಿಗೆ ತಿಳಿಯಲಿ.

ನಮ್ಮ ಪಾಲಿನದೂ ಒಂದಿದೆ. 2019ರ ಔಷಧ ಪ್ರಯೋಗ ನಿಯಮಗಳ ಪ್ರಕಾರ ಇಂಥ ಪ್ರಯೋಗಗಳಿಗೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ವೈದ್ಯರಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಬೇಕು, ಒಬ್ಬ ಮಹಿಳೆಯೂ ಇರಬೇಕು. ಆ ಸಾಮಾನ್ಯ ವ್ಯಕ್ತಿ ನಿಮ್ಮಂಥ ಗೃಹಿಣಿಯೂ ಆಗಬಹುದು, ನನ್ನಂಥ ಶಿಕ್ಷಕಿಯೂ ಆಗಬಹುದು. ನಿಮ್ಮ ಊರಿನ ಮೆಡಿಕಲ್ ಕಾಲೇಜಿನ ಸಮಿತಿಯಲ್ಲಿ ಆ ಕುರ್ಚಿಯ ಮೇಲೆ ಯಾರು ಕೂತಿದ್ದಾರೆಂದು ಒಮ್ಮೆ ವಿಚಾರಿಸಿ. ಅಲ್ಲಿ ಕೂರಲು ಕರೆದರೆ ಕೈಕೆಲಸವಿದೆ ಎಂದು ಹಿಂದೆ ಸರಿಯಬೇಡಿ. ಅರ್ಥವಾಗದ ಕಾಗದ ಕಂಡಾಗ "ಇದನ್ನು ನನಗೆ ಕನ್ನಡದಲ್ಲಿ ಹೇಳಿ" ಎಂದು ಕೇಳುವಷ್ಟು ಧೈರ್ಯ ಇದ್ದರೆ ಆ ಕುರ್ಚಿಗೆ ಅದೇ ದೊಡ್ಡ ಅರ್ಹತೆ.