ನಮ್ಮ ಬೀದಿಯಲ್ಲೇ, ಒಬ್ಬರೇ

‘ಯುದ್ಧ ಬೇಡ’ ಎಂದು ಬರೆದ ರಟ್ಟು ಹಿಡಿದು ಒಬ್ಬರೇ ಬೀದಿಯಲ್ಲಿ ನಿಂತರೆ ಯುದ್ಧ ನಿಲ್ಲುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡೋಣ. ಶಾಂತಿ ಹೋರಾಟಗಾರ ಬ್ರಯಾನ್ ಹಾ 2001ರ ಜೂನ್‌ನಿಂದ ಸುಮಾರು ಹತ್ತು ವರ್ಷ ಲಂಡನ್ನಿನ ಪಾರ್ಲಿಮೆಂಟಿನ ಎದುರು ಬಿಡಾರ ಹೂಡಿದ್ದರು. ಇರಾಕ್ ಯುದ್ಧಕ್ಕೆ ಒಪ್ಪಿಗೆ ಸಿಕ್ಕಿದ್ದು ಅವರ ಕಣ್ಣೆದುರಿನ ಅದೇ ಕಟ್ಟಡದಲ್ಲಿ.

ಹಾಗಾದರೆ ನಿಲ್ಲುವುದು ಯಾರಿಗಾಗಿ? ಆಳುವವರಿಗಾಗಿ ಎಂದುಕೊಂಡರೆ ನಿರಾಸೆ ಖಂಡಿತ. ಅಕ್ಕಪಕ್ಕದವರಿಗಾಗಿ ಎಂದು ನಾನು ನಂಬಿದ್ದೇನೆ. ಅದಕ್ಕೇ ದೂರದ ರಾಜಧಾನಿಗಿಂತ ಸ್ವಂತ ಊರಿನ ಸರ್ಕಲ್ಲೇ ಇದಕ್ಕೆ ಸರಿಯಾದ ಜಾಗ, ಕಷ್ಟದ ಜಾಗವೂ ಹೌದು.

1940ರಲ್ಲಿ ಗಾಂಧೀಜಿಗೆ ಜನಬಲಕ್ಕೇನೂ ಕೊರತೆಯಿರಲಿಲ್ಲ. ಆದರೂ ಬ್ರಿಟಿಷರ ಯುದ್ಧಕ್ಕೆ ನೆರವಾಗಬೇಡಿ ಎಂದು ಸಾರಲು ಅವರು ಒಬ್ಬೊಬ್ಬರನ್ನೇ ಆರಿಸಿ ಕಳಿಸಿದರು. ವೈಯಕ್ತಿಕ ಸತ್ಯಾಗ್ರಹ ಅಂದರೆ ಅದೇ. ಅಕ್ಟೋಬರ್ 17ರಂದು ಮೊದಲು ಮಾತಾಡಿದವರು ವಿನೋಬಾ. ಮಾತಾಡಿದ್ದು ವಾರ್ಧಾ ಪಕ್ಕದ ಪವನಾರ್‌ನಲ್ಲಿ, ತಾವೇ ಆಶ್ರಮ ಕಟ್ಟಿಕೊಂಡು ನೂಲುತ್ತಿದ್ದ ಹಳ್ಳಿಯಲ್ಲಿ. ಗುಂಪಿನಲ್ಲಿ ಕೂಗುವವನನ್ನು ‘ನೀನು ನಿಜಕ್ಕೂ ಹೀಗೆ ನಂಬುತ್ತೀಯಾ’ ಎಂದು ಯಾರೂ ಕೇಳುವುದಿಲ್ಲ. ಒಂಟಿಯಾಗಿ ನಿಂತವರನ್ನು ಕೇಳುತ್ತಾರೆ. ಅದೂ ಅವರ ಬದುಕನ್ನು ದಿನವೂ ನೋಡಿದವರೇ ಕೇಳಿದರೆ ಉತ್ತರ ಹುಡುಕಿಕೊಳ್ಳಲೇಬೇಕು.

ಸೇಂಟ್ ಪೀಟರ್ಸ್‌ಬರ್ಗ್‌ನ ಯೆಲೆನಾ ಒಸಿಪೋವಾ ನೆನಪಾಗುತ್ತಾರೆ. 1945ರಲ್ಲಿ ಅದೇ ಊರಲ್ಲಿ ಹುಟ್ಟಿ, ಮಕ್ಕಳಿಗೆ ಚಿತ್ರಕಲೆ ಕಲಿಸಿದವರು. 2002ರಿಂದ, ಕೈಯಾರೆ ಬಿಡಿಸಿದ ದೊಡ್ಡ ಚಿತ್ರಫಲಕಗಳನ್ನು ಹೊತ್ತು ತಮ್ಮೂರಿನ ಬೀದಿಗಳಲ್ಲೇ ನಿಲ್ಲುತ್ತಾ ಬಂದರು. ಒಬ್ಬರೇ ನಿಂತು ಪ್ರತಿಭಟಿಸಲು ರಷ್ಯಾದಲ್ಲಿ ಮುಂಚಿತ ನೋಟಿಸ್ ಬೇಕಿರಲಿಲ್ಲ. ಆದರೆ ಉಕ್ರೇನ್ ಯುದ್ಧ ಶುರುವಾದ ಬೆನ್ನಲ್ಲೇ, 2022ರ ಮಾರ್ಚ್‌ನಲ್ಲಿ ಸೇನೆಯ ಹೆಸರು ಕೆಡಿಸುವುದು ಅಪರಾಧ ಎಂಬ ಕಾನೂನು ಬಂತು. ಬರೀ ಖಾಲಿ ಹಾಳೆ ಹಿಡಿದು ನಿಂತವರನ್ನೂ ಪೊಲೀಸರು ಎಳೆದೊಯ್ದರು. ಆ ದಿನಗಳಲ್ಲಿ ಹೆಲ್ಮೆಟ್ ತೊಟ್ಟ ಪೊಲೀಸರ ನಡುವೆ ಈ ಅಜ್ಜಿ ನಡೆದುಹೋದ ದೃಶ್ಯವನ್ನು ಲೋಕವೇ ನೋಡಿತು. ಒಬ್ಬ ಮುದುಕಿಗೆ ಹೆದರಬೇಕಾದ ಕಾರಣ ಸರ್ಕಾರಕ್ಕೇನಿತ್ತು? ‘ಎಲ್ಲರೂ ಒಪ್ಪಿದ್ದಾರೆ’ ಎಂಬ ಮಾತು ಸುಳ್ಳೆಂದು ತೋರಿಸಲು ಒಬ್ಬರು ಸಾಕು. ಒಳಗೊಳಗೇ ಒಪ್ಪದೆ ಬಾಯಿಮುಚ್ಚಿಕೊಂಡಿದ್ದವರಿಗೆ ತಾವು ಒಂಟಿಯಲ್ಲ ಎಂದು ತಿಳಿದುಬಿಡುತ್ತದೆ.

ಇದು ತನ್ನ ಒಳ್ಳೆಯತನದ ಪ್ರದರ್ಶನ ಎಂದು ದೂರುವವರಿದ್ದಾರೆ. ಕ್ಯಾಮೆರಾ ಕರೆಸಿ ಹತ್ತು ನಿಮಿಷ ನಿಂತರೆ ಆ ದೂರು ನಿಜವೇ. ಪ್ರತಿ ವಾರ, ಯಾರೂ ನೋಡದಿದ್ದರೂ ನಿಲ್ಲುವವರಿಗೆ ಅದು ಹೊಂದುವುದಿಲ್ಲ. ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ: ಎಲ್ಲರೂ ಹೀಗೆ ನಿಲ್ಲಬಲ್ಲರೇ? ನಿವೃತ್ತ ಮೇಷ್ಟ್ರಿಗೆ ಸಿಗುವ ಮರ್ಯಾದೆ, ಅದೇ ಜಾಗದಲ್ಲಿ ನಿಂತ ಕೇರಿಯ ಹುಡುಗನಿಗೋ ಒಂಟಿ ಹೆಣ್ಣಿಗೋ ಸಿಗುವುದಿಲ್ಲ. ಹಾಗಾಗಿ ಸುಲಭವಾಗಿ ನಿಲ್ಲಬಲ್ಲವರ ಮೇಲೆ ಈ ಹೊಣೆ ಹೆಚ್ಚು.

ಹೋದ ವರ್ಷ ಒಂದು ಸಂಜೆ ನಮ್ಮೂರಿನ ಬಸ್ ಸ್ಟ್ಯಾಂಡ್ ಮುಂದೆ ನಾನೂ ನಿಂತಿದ್ದೆ. ಮೊದಲ ಕಾಲು ಗಂಟೆ ಯಾರೂ ಮಾತಾಡಿಸಲಿಲ್ಲ. ತೋಳು ನೋಯತೊಡಗಿ ರಟ್ಟನ್ನು ಎದೆಗಾನಿಸಿಕೊಂಡೆ. ನಮ್ಮ ಮನೆಗೆ ದಿನಾ ಹೂವು ಕೊಡುವಾಕೆ ಕೂತಲ್ಲಿಂದಲೇ ಏನು ಬರೆದಿದೆ ಎಂದು ಕೇಳಿದರು. ಓದಿ ಹೇಳಿದೆ.

“ನಮ್ ತಮ್ಮನ ಮಗ ಮಿಲ್ಟ್ರಿಲಿದಾನೆ ಮೇಷ್ಟ್ರೇ. ಅವನು ಮಾಡ್ತಿರೋದು ತಪ್ಪು ಅಂತೀರಾ?”

“ಅವನದು ತಪ್ಪಲ್ಲ ಕಣಮ್ಮ” ಎಂದೆ. ಮುಂದಿನ ಮಾತು ತಕ್ಷಣಕ್ಕೆ ಹೊಳೆಯಲಿಲ್ಲ. ಅವರ ಬೆರಳುಗಳು ಕನಕಾಂಬರದ ಹೂ ಜೋಡಿಸಿ ಗಂಟು ಹಾಕುತ್ತಲೇ ಇದ್ದವು. ಮೊಳ ಮುಗಿದ ಮೇಲೆ ದಾರ ಕಡಿದು ಹೇಳಿದರು:

“ಯುಗಾದಿಗೆ ರಜದ ಮೇಲೆ ಬರ್ತಾನೆ. ನಿಮ್ ಮನೆ ನಂಗೊತ್ತಲ್ಲ, ಕಳಿಸ್ತೀನಿ. ಈ ಮಾತು ಅವನ ಹತ್ರಾನೇ ಆಡಿ.”