ಓಣಿಯ ಅಂಗಡಿಯೂ ಕಾಯಕದ ಮನೆಯೇ



ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ಸಾಲಾಗಿ ನೆನೆದು ನೋಡಿ. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ, ಗಾಣದ ಕಣ್ಣಪ್ಪ, ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ. ಹಗ್ಗ ಹೊಸೆಯುವವರು, ಬುಟ್ಟಿ ಹೆಣೆಯುವವರು, ಬಟ್ಟೆ ಮಡಿ ಮಾಡುವವರು, ಎಣ್ಣೆ ತೆಗೆಯುವವರು, ಹೊಲಿಯುವವರು, ನೂಲುವವರು, ಭತ್ತ ಕುಟ್ಟುವವರು. ಇದು ಭಕ್ತರ ಪಟ್ಟಿಯೂ ಹೌದು, ಒಂದು ಊರಿನ ಪೇಟೆಯ ಪಟ್ಟಿಯೂ ಹೌದು. ಕಸುಬಿನ ಹೆಸರನ್ನು ಮರೆಮಾಚದೆ ಅದನ್ನೇ ಬಿರುದಿನಂತೆ ಧರಿಸಿದ ಇಂತಹ ಸಮುದಾಯ ಲೋಕದಲ್ಲಿ ಅಪರೂಪ.

ಕಾಯಕವೆಂದೊಡನೆ ನಾವು ದುಡಿಯುವವನನ್ನು ನೆನೆಯುತ್ತೇವೆ, ಕೊಳ್ಳುವವನನ್ನು ಮರೆಯುತ್ತೇವೆ. ಕೇತಯ್ಯನವರು ಬುಟ್ಟಿ, ಮೊರ ಮಾರಿ ಬಂದುದರಲ್ಲಿ ಜಂಗಮದಾಸೋಹ ನಡೆಸಿದರೆಂದು ಕೇಳಿದ್ದೇವೆ. ಆ ಬುಟ್ಟಿಯನ್ನು ಯಾರೂ ಕೊಳ್ಳದೆ ಹೋಗಿದ್ದರೆ ಆ ದಾಸೋಹ ನಡೆಯುತ್ತಿತ್ತೆ? ಕಾಯಕಕ್ಕೆ ಎರಡು ಕೈಗಳು ಬೇಕು: ಮಾಡುವ ಕೈ ಒಂದು, ಅದರ ಬೆಲೆಯರಿತು ಕೊಳ್ಳುವ ಕೈ ಇನ್ನೊಂದು. ಇಂದು ಮೊದಲನೆಯ ಕೈ ಇನ್ನೂ ದುಡಿಯುತ್ತಿದೆ. ಎರಡನೆಯ ಕೈ ಮೊಬೈಲಿನ ಮೇಲಿದೆ.

ನಮ್ಮ ಸೀಮೆಯ ಒಂದು ಉದಾಹರಣೆಯನ್ನೇ ನೋಡೋಣ. ಇಳಕಲ್ಲಿನ ಸೀರೆಯಲ್ಲಿ ಮೈಭಾಗದ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ರೇಷ್ಮೆಯ ಸೆರಗಿನ ಎಳೆಗಳನ್ನು ಮೈಭಾಗದ ಎಳೆಗಳೊಂದಿಗೆ ಕುಣಿಕೆ ಹಾಕಿ ಒಂದೊಂದಾಗಿ ಕೂಡಿಸುವ ವಿಧಾನಕ್ಕೆ ಕೊಂಡಿ ಎನ್ನುತ್ತಾರೆ. ಕೊಂಡಿ ಬೇಕಾದರೆ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ಈ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಮಾನ್ಯತೆಯ ಪತ್ರ ಮಗ್ಗವನ್ನು ನಡೆಸದು. ಸೆರಗನ್ನು ತಿರುವಿ ಕೊಂಡಿಯನ್ನು ತೋರಿಸಿ, ಕೈಮಗ್ಗದ್ದು ಯಾವುದು, ಯಂತ್ರದ ನಕಲು ಯಾವುದು ಎಂದು ತಿಳಿಸಿಕೊಡುವವನು ಪೇಟೆಯ ಹಳೆಯ ಸೀರೆ ಅಂಗಡಿಯವನು. ಆ ಅಂಗಡಿ ಮುಚ್ಚಿದ ದಿನ ಆ ಅರಿವೂ ಮುಚ್ಚಿತು. ಪರದೆಯ ಮೇಲಿನ ಚಿತ್ರದಲ್ಲಿ ನಕಲೂ ಅಸಲೂ ಒಂದೇ ಬಣ್ಣದಲ್ಲಿ ಹೊಳೆಯುತ್ತವೆ.

ಊರಿನ ಗಾಣವೂ ಹಾಗೆಯೇ. ಸುತ್ತಲಿನ ಹೊಲದ ಕುಸುಬೆ, ಶೇಂಗಾ ಅಲ್ಲಿಗೆ ಬರುತ್ತದೆ. ಎಣ್ಣೆ ನಮ್ಮ ಅಡುಗೆಮನೆಗೆ, ಹಿಂಡಿ ರೈತನ ದನದ ಗೋದಲಿಗೆ ಹೋಗುತ್ತದೆ. ಒಂದು ಸಣ್ಣ ಅಂಗಡಿ ಹೊಲ, ಮನೆ, ಕೊಟ್ಟಿಗೆ ಮೂರನ್ನೂ ಹೆಣೆದಿರುತ್ತದೆ. ಖಡಕ್ ರೊಟ್ಟಿ ಬಡಿದು ಮಾರುವ ತಾಯಂದಿರು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟುವ ಮನೆಗಳು, ಬಾಣಂತಿಗೆ ಯಾವ ಬೇರು ಎಷ್ಟು ಬೇಕೆಂದು ಬಲ್ಲ ಗ್ರಂಥಿಗೆ ಅಂಗಡಿಯವರು, ಇವರೆಲ್ಲರೂ ಈ ಬಳಗದವರೇ.

2020ರ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಲಾಕ್‌ಡೌನ್ ಆದಾಗ ಎಷ್ಟೋ ಮನೆಗಳ ಒಲೆ ಉರಿದದ್ದು ಓಣಿಯ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಿಂದ. ಆ ಪುಸ್ತಕದಲ್ಲಿ ಬಡ್ಡಿಯ ಕಲಮು ಇರಲಿಲ್ಲ, ಪರಿಚಯವೇ ಜಾಮೀನಾಗಿತ್ತು. ಸಂಕಟ ಕಳೆದೊಡನೆ ಆ ಮೆಟ್ಟಿಲನ್ನು ಮರೆಯುವುದು ಶರಣಧರ್ಮವಲ್ಲ.

ದೊಡ್ಡ ಮಳಿಗೆಯಲ್ಲಿ ಅಗ್ಗವಾಗಿ ಸಿಗುತ್ತದಲ್ಲ ಎಂದು ಕೇಳುವವರುಂಟು. ಆ ಮಾತಿನಲ್ಲಿ ಸತ್ಯವಿದೆ. ಕೂಲಿಯ ಹಣದಲ್ಲಿ ಸಂಸಾರ ತೂಗಿಸುವವರು ಅಗ್ಗವಿದ್ದಲ್ಲಿ ಕೊಂಡರೆ ತಪ್ಪೆನ್ನಲಾಗದು. ಈ ಮಾತು ಅವರಿಗಲ್ಲ, ಅನುಕೂಲವಿದ್ದವರಿಗೆ. ಮಾಲಿನಲ್ಲಿ ಅಂಟಿಸಿದ ಬೆಲೆಯನ್ನು ತುಟಿ ಬಿಚ್ಚದೆ ಕೊಟ್ಟು, ಬುಟ್ಟಿ ಹೆಣೆಯುವವಳೊಡನೆ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದು ಯಾವ ನ್ಯಾಯ? ಪ್ರವಚನದಲ್ಲಿ ಕೇತಯ್ಯನವರಿಗೆ ಕೈಮುಗಿದು, ಸಂತೆಯಲ್ಲಿ ಅವರ ಕುಲಬಾಂಧವರ ಕೂಲಿಯನ್ನು ಕಡಿಯುವ ಭಕ್ತಿ ಎಂತಹದು?

ಹಾಗೆಂದು ಊರಿನವನೆಂಬ ಒಂದೇ ಕಾರಣಕ್ಕೆ ಯಾರೂ ಗೌರವಕ್ಕೆ ಅರ್ಹರಾಗರು. ಶರಣರು ಕೇಳಿದ್ದು ಸತ್ಯಶುದ್ಧ ಕಾಯಕವನ್ನು. ತಕ್ಕಡಿಯಲ್ಲಿ ಮೋಸ, ಎಣ್ಣೆಯಲ್ಲಿ ಬೆರಕೆ, ಹಳಸಿದ ಹಿಟ್ಟು ಮಾರಾಟ ಇವು ಕಾಯಕವಲ್ಲ. ಆಯ್ದಕ್ಕಿ ಲಕ್ಕಮ್ಮನವರು ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಹಿಂದಿರುಗಿಸಲು ಹೇಳಿದ ಪ್ರಸಂಗ ಅಂಗಡಿಕಾರರಿಗೂ ಗಿರಾಕಿಗಳಿಗೂ ಸಮನಾದ ಪಾಠ. ಮಾರುವವನು ನ್ಯಾಯವಾದ ಲಾಭಕ್ಕಿಂತ ಹೆಚ್ಚು ಬಯಸಬಾರದು. ಕೊಳ್ಳುವವನು ರಿಯಾಯಿತಿಯ ಆಸೆಗೆ ಬೇಡದ ವಸ್ತುವನ್ನು ಮನೆಗೆ ತುಂಬಬಾರದು. ಉದ್ದರಿ ತಂದವನು ಹೇಳಿದ ದಿನ ತೀರಿಸಬೇಕು. ಸಣ್ಣ ಅಂಗಡಿಯನ್ನು ದೊಡ್ಡ ಮಳಿಗೆಗಿಂತ ಮೊದಲು ಕೆಡಿಸುವುದು ಬಾಕಿ ಉಳಿದ ಹಣವೇ.

ಆದ್ದರಿಂದ ಭಕ್ತರಲ್ಲಿ ಒಂದು ವಿನಂತಿ. ತಿಂಗಳ ಸಂತೆಯ ಒಂದು ಭಾಗವನ್ನಾದರೂ ಓಣಿಯ ಅಂಗಡಿಗೆ ಮೀಸಲಿಡಿ. ಮದುವೆಯ ಸೀರೆಯಲ್ಲಿ ಒಂದಾದರೂ ಕೈಮಗ್ಗದ್ದಿರಲಿ. ಜಾತ್ರೆಯ ದಾಸೋಹಕ್ಕೆ ಪ್ಲಾಸ್ಟಿಕ್ ತಟ್ಟೆಯ ಬದಲು ಮುತ್ತುಗದ ಪತ್ರಾವಳಿ ಬರಲಿ. ಎಣ್ಣೆ ಊರಿನ ಗಾಣದಿಂದ ಬರಲಿ. ಉಣ್ಣುವವರಿಗಷ್ಟೇ ಅಲ್ಲದೆ, ಉಣಬಡಿಸುವ ಎಲೆಯನ್ನು ಹಚ್ಚಿದವರಿಗೂ ಆ ದಾಸೋಹದಲ್ಲಿ ಪಾಲು ದೊರೆಯಲಿ.