ನಂಬಿ ಹೇಳಿದ ಮಾತಿಗೆ ಬೀಗ ಯಾವುದು?



ಸಂಘದ ಕೆಲಸಕ್ಕಾಗಿ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಎಂದು ತಿರುಗಾಡುವ ನಮ್ಮ ಕಿಸೆಯಲ್ಲಿ ಮೊದಲು ಒಂದು ಸಣ್ಣ ವಹಿ ಇರುತ್ತಿತ್ತು. ಯಾರು ಎಷ್ಟು ಮೀಟರು ನೇಯ್ದರು, ಎಷ್ಟು ಪಗಾರ ಬಾಕಿ, ಮಾಲಕರಿಂದ ಯಾರು ಎಷ್ಟು ಉಚಲ ಎತ್ತಿದ್ದಾರೆ, ಯಾವ ಮನೆಯಲ್ಲಿ ಕಾಯಿಲೆ, ಯಾವ ದುಃಖಕ್ಕಾಗಿ ಯಾರು ಪ್ರಾರ್ಥನೆ ಕೇಳಿದ್ದಾರೆ, ಇವೆಲ್ಲ ಅದರಲ್ಲಿ. 2019ರ ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿ ಬಂದಾಗ ಆ ವಹಿಗಳು ಕೆಸರಿನ ಮುದ್ದೆಯಾದವು. 2021ರ ಜುಲೈಯಲ್ಲಿ ಮತ್ತೆ ನೆರೆ ಬಂತು. ಆದಕಾರಣ ನಾವು ಫೋನಿನಲ್ಲಿ ಬರೆಯತೊಡಗಿದೆವು. ನೀರಿನಿಂದ ಪಾರಾದೆವು, ಆದರೆ ಬೇರೊಂದು ತಪ್ಪಿಗೆ ಒಳಗಾದೆವು.

ಒಮ್ಮೆ ಫೋನಿನ ಗಾಜು ಒಡೆಯಿತು. ದುರಸ್ತಿಗೆ ಕೊಡುವಾಗ ಅದನ್ನು ತೆರೆಯುವ ಗುಪ್ತ ಅಂಕೆಯನ್ನೂ ಹೇಳಿಕೊಟ್ಟೆವು. ಟಿಪ್ಪಣಿಗಳಿಗೆ ಬೇರೆ ಬೀಗ ಇರಲಿಲ್ಲ. ಎಂಟು ದಿನದೊಳಗೆ, ಒಬ್ಬ ಸಹೋದರನು ಗುಟ್ಟಾಗಿ ನಮಗೆ ಹೇಳಿದ್ದ ಪಗಾರದ ಲೆಕ್ಕವು ಕಾರಖಾನೆಯ ದಿವಾಣಜಿಯ ಬಾಯಲ್ಲಿತ್ತು. ಅದು ಹೇಗೆ ಹೋಯಿತೆಂದು ನಾವು ರುಜುವಾತು ಮಾಡಲಾರೆವು. ಆದರೆ ಬರೆದವರು ನಾವು. ಬೀಗ ಹಾಕದವರೂ ನಾವೇ. ಆ ಸಹೋದರನು ಕೆಲಸ ಕಳಕೊಂಡು ಊರಿಗೆ ಹೋದನು. ಅವನ ಪಕ್ಕದ ಮನೆಯ ತಂಗಿಯೊಬ್ಬಳು ಈಗ ನಮ್ಮ ಕೈಯಲ್ಲಿ ಫೋನು ಕಂಡಕೂಡಲೇ ಹೇಳುತ್ತಾಳೆ: “ಬರಕೋಬ್ಯಾಡ್ರಿ ಉಪದೇಶಿಯವರ, ಬರೇ ಕೇಳ್ರಿ.”

ಆ ಮಾತು ನಮ್ಮನ್ನು ಚುಚ್ಚಿತು. ಟಿಪ್ಪಣಿ ಬರೆಯಲು ಯಾವ ಆ್ಯಪ್ ಒಳ್ಳೆಯದು ಎಂದು ಯುವಕರು ಕೇಳುತ್ತಾರೆ. ಅಂದವಾದದ್ದು, ಪುಕ್ಕಟೆಯಾದದ್ದು ಎಂದು ಆರಿಸುವ ಮೊದಲು ಮೂರು ಪ್ರಶ್ನೆ ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು: ಕೀಲಿ ಯಾರ ಕೈಯಲ್ಲಿದೆ? ಬಹಳ ಮಂದಿಯ ಫೋನಿನಲ್ಲಿ ಇರುವ ಗೂಗಲ್ ಕೀಪ್ ನಮ್ಮ ಬರಹವನ್ನು ಗೂಗಲ್‌ನ ಕಂಪ್ಯೂಟರುಗಳಲ್ಲಿ ಇಡುತ್ತದೆ. ಬೀಗ ಅಲ್ಲಿಯೂ ಉಂಟು. ಆದರೆ ಕೀಲಿ ಕಂಪನಿಯದು. ಕೀಲಿ ಪರರ ಕೈಯಲ್ಲಿದ್ದರೆ ಏನಾಗಬಹುದು? 2016ರ ಡಿಸೆಂಬರಿನಲ್ಲಿ ಎವರ್‌ನೋಟ್ ಕಂಪನಿಯು, ಯಂತ್ರಕ್ಕೆ ಕಲಿಸುವ ಕೆಲಸಕ್ಕಾಗಿ ತನ್ನ ನೌಕರರು ಬಳಕೆದಾರರ ಕೆಲವು ಟಿಪ್ಪಣಿಗಳನ್ನು ನೋಡಬಹುದೆಂದು ನಿಯಮ ಸಾರಿತು. ಜನರು ಕೂಗೆಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಸ್ಟ್ಯಾಂಡರ್ಡ್ ನೋಟ್ಸ್, ನೋಟ್ಸ್‌ನೂಕ್ ಎಂಬವುಗಳ ರೀತಿ ಬೇರೆ. ಬರಹವು ನಮ್ಮ ಫೋನಿನಲ್ಲೇ ಬೀಗ ಹಾಕಿಸಿಕೊಂಡು ಹೊರಡುತ್ತದೆ, ಕಂಪನಿಯವರಿಗೂ ಓದಲಾಗದು. ಇದನ್ನೇ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಎನ್ನುತ್ತಾರೆ. ಈ ಎರಡನ್ನೂ ದುಡ್ಡು ಕೊಡದೆ ಬಳಸುವ ದಾರಿ ಉಂಟು. ಅವುಗಳ ಒಳಗಿನ ಬರಹ ಬಹಿರಂಗವಾಗಿದ್ದು, ಬಲ್ಲವರು ಯಾರಾದರೂ ಪರೀಕ್ಷಿಸಬಹುದು. ಆದರೆ ಒಂದು ಎಚ್ಚರಿಕೆ: ಕೀಲಿ ನಮ್ಮದಾದ ಮೇಲೆ ಹೊಣೆಯೂ ನಮ್ಮದು. ಪಾಸ್‌ವರ್ಡ್ ಮರೆತರೆ ಕಂಪನಿಯವರು ಟಿಪ್ಪಣಿಯನ್ನು ತೆರೆದುಕೊಡಲಾರರು. ಅದನ್ನೂ, ನೋಟ್ಸ್‌ನೂಕ್ ಕೊಡುವ ರಿಕವರಿ ಕೀಯನ್ನೂ ಕಾಗದದಲ್ಲಿ ಬರೆದು ಮನೆಯ ಪೆಟ್ಟಿಗೆಯಲ್ಲಿ ಇಡತಕ್ಕದ್ದು.

ಎರಡನೆಯದು: ಅಂಗಡಿ ಮುಚ್ಚಿದರೆ ನಮ್ಮ ಗಂಟು ನಮಗೆ ಸಿಗುವುದೇ? ಗೋಪ್ಯತೆಗೆ ಹೆಸರಾಗಿದ್ದ ಸ್ಕಿಫ್ ಎಂಬುದನ್ನು 2024ರ ಫೆಬ್ರವರಿಯಲ್ಲಿ ನೋಷನ್ ಕಂಪನಿ ಕೊಂಡಿತು. ಅದೇ ವರ್ಷ ಆಗಸ್ಟಿನಲ್ಲಿ ಸ್ಕಿಫ್ ಮುಚ್ಚಿತು. ಆದದರಿಂದ ಬರೆದದ್ದನ್ನೆಲ್ಲ ಒಟ್ಟಿಗೆ ಹೊರತೆಗೆಯಲು ಬರುವ ಆ್ಯಪನ್ನೇ ಆರಿಸಬೇಕು. ಆಗಾಗ ಒಂದು ಪ್ರತಿಯನ್ನೂ ತೆಗೆದಿಡಬೇಕು. ಜೋಪ್ಲಿನ್ ಎಂಬುದು ಟಿಪ್ಪಣಿಯನ್ನು ನಮ್ಮ ಫೋನಿನಲ್ಲೇ ಇಡುತ್ತದೆ. ಆದರೆ ಅದರ ಎನ್‌ಕ್ರಿಪ್ಶನ್ ತಾನಾಗಿ ನಡೆಯುವುದಿಲ್ಲ, ನಾವೇ ಆರಂಭಿಸಬೇಕು. ಅದು ಕೂಡ ಬರಹ ಬೇರೆಡೆಗೆ ಹೋಗುವಾಗಿನ ಕಾವಲು. ಫೋನು ಬೇರೆಯವರ ಕೈಗೆ ಸಿಕ್ಕರೆ ಅದು ಕಾಯುವುದಿಲ್ಲ.

ಮೂರನೆಯದು: ಮನೆಯ ಬಾಗಿಲೇ ತೆರೆದಿದ್ದರೆ ಪೆಟ್ಟಿಗೆಯ ಬೀಗದಿಂದ ಏನು ಫಲ? ಫಾದರ್ ಸ್ಟ್ಯಾನ್ ಸ್ವಾಮಿಯವರನ್ನು 2020ರ ಅಕ್ಟೋಬರಿನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿಸಿದರು. 2021ರ ಜುಲೈ 5ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು. ಅವರ ಕಂಪ್ಯೂಟರಿನೊಳಗೆ ದೂರದಿಂದ ನುಗ್ಗಿದವರು ಅಲ್ಲಿ ಕಡತಗಳನ್ನು ಇಟ್ಟಿದ್ದರೆಂದು, ವಕೀಲರ ಕಡೆಯಿಂದ ಪರೀಕ್ಷೆ ನಡೆಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆಯು 2022ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ನಮ್ಮದು ಸಣ್ಣ ಕೆಲಸ, ನಿಜ. ಆದರೂ ಗುರುತಿಲ್ಲದವರು ಕಳುಹಿಸಿದ ಲಿಂಕು ಒತ್ತಬಾರದು, ಫೋನಿಗೆ ಬರುವ ಅಪ್‌ಡೇಟ್ ಬಿಡಬಾರದು, ಫೋನಿನ ಬೀಗದ ಅಂಕೆಯನ್ನು ದುರಸ್ತಿಯವನಿಗೆ ಕೊಡಬಾರದು. ಇದನ್ನು ನಾವು ಪೆಟ್ಟು ತಿಂದು ಕಲಿತೆವು.

“ಬಡ ಕಾಮಗಾರರಿಗೆ ಎಂಥ ಗುಟ್ಟು ಉಪದೇಶಿಗಳೇ?” ಎಂದು ಕೆಲವರು ನಗುತ್ತಾರೆ. ಗುಟ್ಟು ಬಯಲಾದರೆ ಸಾಹುಕಾರನಿಗೆ ಮಾನ ಹೋದೀತು; ಕಾಮಗಾರನಿಗೆ ಅನ್ನವೇ ಹೋಗುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಅದು ಮಾಲಕನಿಗೆ ಮಾತ್ರ ಕೊಟ್ಟ ಹಕ್ಕಲ್ಲ. ಮಗ್ಗದ ಮುಂದೆ ನಿಂತವನಿಗೂ ಸಲ್ಲುತ್ತದೆ.

ಹೀಗಿರಲಾಗಿ ನಾವು ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಕೀಲಿ ನಮ್ಮ ಕೈಯಲ್ಲಿರುವ ಆ್ಯಪಿನಲ್ಲಿ ಮಾತ್ರ ಬರೆಯುತ್ತೇವೆ. ಕೇಳದೆ ಬರೆಯುವುದಿಲ್ಲ. ಪೂರ್ಣ ಹೆಸರಿನ ಬದಲು ನಮಗೆ ಮಾತ್ರ ತಿಳಿಯುವ ಗುರುತು ಹಾಕುತ್ತೇವೆ. ಕೆಲಸ ತೀರಿದ ಮೇಲೆ ಅಳಿಸುತ್ತೇವೆ. ಪ್ರಾರ್ಥನೆಗಾಗಿ ಹೇಳಿದ ಮನೆಯ ದುಃಖವನ್ನು ಎಲ್ಲಿಯೂ ಬರೆಯುವುದಿಲ್ಲ; ಅದನ್ನು ಹೃದಯದಲ್ಲಿ ಇಟ್ಟುಕೊಂಡರೆ ಸಾಕು. ಎಲ್ಲಕ್ಕಿಂತ ಭದ್ರವಾದ ಟಿಪ್ಪಣಿ ಬರೆಯದೆ ಬಿಟ್ಟ ಟಿಪ್ಪಣಿಯೇ. ಪರರ ಮಾತು ನಮ್ಮ ಸೊತ್ತಲ್ಲ, ನಮ್ಮಲ್ಲಿ ಇಟ್ಟ ಠೇವಣಿ. ಒಂದು ದಿನ ಅದರ ಲೆಕ್ಕ ಒಪ್ಪಿಸಬೇಕು.

ಆ ತಂಗಿ ಇನ್ನೂ ಬರೆದುಕೊಳ್ಳಲು ಒಪ್ಪಿಲ್ಲ. ಅದು ಅವಳ ಹಕ್ಕು. ನಾವು ಫೋನನ್ನು ಕಿಸೆಯಲ್ಲಿಟ್ಟು ಅವಳ ಮಾತು ಕೇಳುತ್ತೇವೆ.